ಪ್ರಯೋಗಕ್ಕೆ ಮುಂಚೆ ಅರ್ಧ ಗಂಟೆ ತತ್ವಶಾಸ್ತ್ರ

ಉಪಕರಣ ಚಾಲೂ ಮಾಡುವ ಮೊದಲು ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಿರಿ: ಯಾವ ಫಲಿತಾಂಶ ಬಂದರೆ ಈ ಊಹೆಯನ್ನು ಕೈಬಿಡುತ್ತೇನೆ? ಅಂಕಿ ಸಮೇತ, ತಾರೀಕು ಹಾಕಿ. ತಪ್ಪೆಂದು ತೋರಿಸಲು ಸಾಧ್ಯವಿರುವ ಊಹೆ ಮಾತ್ರ ವೈಜ್ಞಾನಿಕ ಎಂದು ತತ್ವಶಾಸ್ತ್ರಜ್ಞ ಕಾರ್ಲ್ ಪಾಪರ್ 1934ರಲ್ಲಿ ಮುಂದಿಟ್ಟ ತತ್ವ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಬರುವುದು ಹೀಗೆ. ‘ಪರಿಣಾಮ ಕಾಣಬಹುದು’ ಎಂದರೆ ಸಾಲದು, ಯಾವ ಫಲಿತಾಂಶವೂ ಅದಕ್ಕೆ ಒಗ್ಗಿಬಿಡುತ್ತದೆ.

ಆಮೇಲೆ, ಊಹೆಯ ಜೊತೆಗೆ ಸುಮ್ಮನೆ ನಂಬಿಕೊಂಡಿರುವುದನ್ನೆಲ್ಲ ಪಟ್ಟಿ ಮಾಡಿ: ಅಳತೆಯ ಉಪಕರಣ ಸರಿಯಿದೆ, ಮಾದರಿ ಶುದ್ಧವಾಗಿದೆ, ತಾಪಮಾನ ಬದಲಾಗಿಲ್ಲ, ಲೆಕ್ಕದ ಕೋಡ್‌ನಲ್ಲಿ ತಪ್ಪಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಫ್ರೆಂಚ್ ಭೌತವಿಜ್ಞಾನಿ ಪಿಯೆರ್ ಡ್ಯೂಹೆಮ್ ತೋರಿಸಿದಂತೆ, ಪ್ರಯೋಗ ಪರೀಕ್ಷಿಸುವುದು ಒಂಟಿ ಊಹೆಯನ್ನಲ್ಲ, ಇಡೀ ಕಟ್ಟನ್ನು. ಯುರೇನಸ್ ಗ್ರಹ ಲೆಕ್ಕ ತಪ್ಪಿ ಚಲಿಸಿದಾಗ ಖಗೋಳಜ್ಞರು ನ್ಯೂಟನ್ನನ ಗುರುತ್ವ ನಿಯಮ ಬಿಡದೆ, ಅದನ್ನು ಎಳೆಯುತ್ತಿರುವ ಕಾಣದ ಗ್ರಹವೊಂದಿದೆ ಎಂದರು. 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧನ ಕಕ್ಷೆಯೂ ಲೆಕ್ಕಕ್ಕೆ ಹೊಂದದಾಗ ಅದೇ ಮದ್ದು ಹಚ್ಚಿ ವಲ್ಕನ್ ಎಂಬ ಗ್ರಹವನ್ನು ಹುಡುಕಿದರು, ಸಿಗಲೇ ಇಲ್ಲ. ಶತಮಾನಕ್ಕೆ 43 ಆರ್ಕ್‌ಸೆಕೆಂಡಿನಷ್ಟಿದ್ದ (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಆರ್ಕ್‌ಸೆಕೆಂಡ್) ಆ ವ್ಯತ್ಯಾಸವನ್ನು 1915ರಲ್ಲಿ ವಿವರಿಸಿದ್ದು ಐನ್‌ಸ್ಟೈನ್ ಅವರ ಹೊಸ ಗುರುತ್ವ ಸಿದ್ಧಾಂತ.

ಫಲಿತಾಂಶ ಕೈಕೊಟ್ಟರೆ ಪಟ್ಟಿಯಲ್ಲಿರುವುದನ್ನು ಒಂದೊಂದಾಗಿ ಪರೀಕ್ಷಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಕಾರಣ ಯಾವುದೆಂದು ತಿಳಿಯದು. ಊಹೆಯನ್ನು ಉಳಿಸಲು ತಿದ್ದುಪಡಿ ಸೇರಿಸಿದಿರೋ, ಅದು ಪರೀಕ್ಷಿಸಬಹುದಾದ ಹೊಸದೇನನ್ನಾದರೂ ಹೇಳುತ್ತದೆಯೇ ನೋಡಿ. ಯುರೇನಸ್‌ನ ಲೆಕ್ಕ ದೂರದರ್ಶಕವನ್ನು ಎತ್ತ ತಿರುಗಿಸಬೇಕೆಂದು ಹೇಳಿತ್ತು. ಅಂಥದ್ದೇನನ್ನೂ ಹೇಳದ ತಿದ್ದುಪಡಿಯನ್ನು ಅಂದೇ ಹೊಡೆದುಹಾಕಿ.