ಗರಸು ಏರಿನಲ್ಲಿ ಮುಂದಿನ ಚಕ್ರ ಜಾರಿದರೆ ರಿವರ್ಸ್‌ನಲ್ಲಿ ಹತ್ತಿಸಿ

ಕಪ್ಪತಗುಡ್ಡದ ಅಂಚಿನ ಊರುಗಳ ಕಡೆ ಗರಸು ಏರಿನಲ್ಲಿ ಕಾಂಪ್ಯಾಕ್ಟ್ ಎಸ್‌ಯುವಿಯ ಮುಂದಿನ ಚಕ್ರ ಗರಗರ ತಿರುಗಿ ಬರೀ ಕಲ್ಲು ಹಾರಿಸುತ್ತಿದ್ದರೆ ಆಕ್ಸಿಲರೇಟರ್ ತುಳಿಯಬೇಡಿ. ನೇರ ಕೆಳಗಿಳಿಸಿ, ಸಪಾಟು ಜಾಗದಲ್ಲಿ ಗಾಡಿ ತಿರುಗಿಸಿ, ರಿವರ್ಸ್ ಗೇರಿನಲ್ಲಿ ಹತ್ತಿಸಿ. ಜಾಹೀರಾತಿನಲ್ಲಿ ಬೆಟ್ಟ ಏರಿದರೂ ಇವುಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ ಬಲ ಹೋಗುವುದು ಮುಂದಿನ ಎರಡು ಚಕ್ರಕ್ಕೆ ಮಾತ್ರ. ಏರಿನಲ್ಲಿ ಭಾರ ಹಿಂದಕ್ಕೆ ವಾಲಿ ಅವೇ ಹಗುರಾಗುತ್ತವೆ. ಹಿಂದುಮುಂದಾಗಿ ಹತ್ತಿದರೆ ಆ ಭಾರ ಅವುಗಳ ಮೇಲೇ ಬೀಳುತ್ತದೆ. ಟೈರಿನ ಗಾಳಿ 33ರಿಂದ 24 ಪಿಎಸ್‌ಐಗೆ ಇಳಿಸಿದರೆ ಹಿಡಿತ ಇನ್ನೂ ಚಲೋ. ಆದರೆ ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಿಸಬೇಕು, ಡಿಕ್ಕಿಯಲ್ಲಿ 12 ವೋಲ್ಟ್ ಪಂಪ್ ಇಲ್ಲದಿದ್ದರೆ ಇಳಿಸಲೇಬೇಡಿ. ರಿವರ್ಸ್‌ನಲ್ಲಿ ಚಕ್ರ ಕಲ್ಲಿಗೆ ತಾಗಿದರೆ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಪೂರ್ತಿ ತಿರುಗಿಬಿಡುತ್ತದೆ. ಗಟ್ಟಿ ಹಿಡಿದು ನಡಿಗೆಯ ವೇಗದಲ್ಲಿ ಹೋಗಿ. ದಾರಿ ತೋರಿಸುವವರು ಗಾಡಿಯ ಹಿಂದೆ ಬೇಡ, ಬದಿಗೆ ನಿಲ್ಲಲಿ. ಹಸಿ ಎರೆಮಣ್ಣಿನಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ. ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಟೈರಿನ ಗೀರುಗಳಲ್ಲಿ ಮೆತ್ತಿಕೊಂಡು ಟೈರು ನುಣ್ಣಗಾಗುತ್ತದೆ. ಅಲ್ಲಿ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಫೋರ್ ಬೈ ಫೋರ್ ಗಾಡಿ ಇದ್ದವರಿಗೂ ಎಷ್ಟೋ ಸಲ ಟ್ರ್ಯಾಕ್ಟರೇ ಗತಿ.