ಏಪ್ರಿಲ್‌ನಲ್ಲಿ ಒಮಾನ್: ಕಲಬುರಗಿ ಸೀಮೆಯಿಂದ ಹೊರಡುವವರಿಗೆ

ಒಮಾನ್ ನೋಡಲು ಡಿಸೆಂಬರ್ ಮತ್ತು ಜನವರಿ ತಿಂಗಳುಗಳೇ ಸರಿ ಎಂಬ ಮಾತಿದೆ. ಆಗ ಮಸ್ಕತ್‌ನಲ್ಲಿ ಹಗಲಿನ ಉಷ್ಣಾಂಶ 25 ಡಿಗ್ರಿಯ ಆಸುಪಾಸಿನಲ್ಲಿರುವುದು ನಿಜ. ಆದರೆ ಜನಸಂದಣಿ ಹೆಚ್ಚಿ, ಹೋಟೆಲ್ ಬಾಡಿಗೆಯೂ ಏರಿರುತ್ತದೆ. ಮೇ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಇವೆರಡರ ನಡುವೆ ಉಳಿಯುವುದು ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನವರೆಗಿನ ದಿನಗಳು ಮತ್ತು ಅಕ್ಟೋಬರ್‌ನ ಕೊನೆಯ ದಿನಗಳು. ಕಲಬುರಗಿ, ಬೀದರ್, ಯಾದಗಿರಿಯವರು ಈ ಎರಡರಲ್ಲಿ ಏಪ್ರಿಲನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಕಾರಣ ಸರಳ. ದೇಹ ಬಿಸಿಲಿಗೆ ಒಗ್ಗಿಕೊಳ್ಳಲು ಒಂದೆರಡು ವಾರ ಬೇಕು. ಯುಗಾದಿಯ ಹೊತ್ತಿಗೆ ನಮ್ಮ ಸೀಮೆಯವರ ದೇಹ ಆ ಕೆಲಸವನ್ನು ಊರಿನಲ್ಲಿಯೇ ಮುಗಿಸಿರುತ್ತದೆ. ಮಳೆಗಾಲ ಮುಗಿಸಿಕೊಂಡು ಅಕ್ಟೋಬರ್‌ನಲ್ಲಿ ಹೋದವರಿಗೆ ಅದೇ ಸೆಕೆ ಹೊಸದಾಗಿ ಕಾಡುತ್ತದೆ. ಜೊತೆಗೆ ಮಸ್ಕತ್‌ನಲ್ಲಿ ಅಕ್ಟೋಬರ್ ಕೊನೆಗೆ ಸಂಜೆ ಐದೂವರೆಗೇ ಸೂರ್ಯ ಮುಳುಗಿದರೆ, ಏಪ್ರಿಲ್‌ನಲ್ಲಿ ಆರೂವರೆಯವರೆಗೆ ಬೆಳಕಿರುತ್ತದೆ.

ಹಾಗೆಂದು ‘ನಾವು ಬಿಸಿಲುನಾಡಿನವರು, ನಮಗೇನಾಗುತ್ತದೆ’ ಎಂಬ ಧೈರ್ಯ ಬೇಡ. ನಮ್ಮದು ಒಣ ಬಿಸಿಲು, ಬೆವರು ಬಂದಂತೆ ಆರಿ ಮೈ ತಣ್ಣಗಾಗುತ್ತದೆ. ಮಸ್ಕತ್ ಕಡಲತೀರದ ಊರು. ಗಾಳಿಯಲ್ಲಿ ತೇವ ತುಂಬಿದ ದಿನ ಬೆವರು ಆರದೆ ಮೈಗೆ ಅಂಟಿಕೊಳ್ಳುತ್ತದೆ, ಹಾಗಾಗಿ ಅಲ್ಲಿಯ 35 ಡಿಗ್ರಿ ನಮ್ಮ 40ಕ್ಕಿಂತ ಹೆಚ್ಚು ದಣಿಸಬಲ್ಲದು. ಒಳನಾಡಿನ ಮರಳುಗಾಡಿನ ಅಪಾಯ ಬೇರೆ: ಅಲ್ಲಿ ಬೆವರು ಕಾಣುವ ಮೊದಲೇ ಆವಿಯಾಗುವುದರಿಂದ ನೀರು ಎಷ್ಟು ಕಳೆದುಕೊಂಡಿದ್ದೇವೆಂಬುದು ತಿಳಿಯುವುದೇ ಇಲ್ಲ. ಬಾಯಾರಿಕೆಗಾಗಿ ಕಾಯದೆ ಆಗಾಗ ನೀರು ಕುಡಿಯಬೇಕು, ಉಪ್ಪಿನಂಶವೂ ಜೊತೆಗಿರಬೇಕು. ಅಲ್ಲಿ ಎಲ್ಲೆಡೆ ಸಿಗುವ ಲಬನ್ ನಮ್ಮ ಮಜ್ಜಿಗೆಯಂಥದ್ದೇ, ಒಂದು ಚಿಟಿಕೆ ಉಪ್ಪು ಹಾಕಿಕೊಂಡರೆ ಸಾಕು.

ದಿನಾಂಕ ಗೊತ್ತುಮಾಡುವ ಮೊದಲು ರಂಜಾನ್ ಯಾವಾಗ ಎಂದು ನೋಡಿಕೊಳ್ಳಿ. ಆ ಮಾಸದಲ್ಲಿ ಹಗಲು ಸಾರ್ವಜನಿಕ ಸ್ಥಳದಲ್ಲಿ ತಿನ್ನುವುದು, ನೀರು ಕುಡಿಯುವುದು ಸಹ ಕಾನೂನಿಗೆ ವಿರುದ್ಧ. ಚಂದ್ರದರ್ಶನವನ್ನು ಅವಲಂಬಿಸಿ, 2027ರಲ್ಲಿ ಉಪವಾಸ ಮಾರ್ಚ್ ಎರಡನೆಯ ವಾರದ ಹೊತ್ತಿಗೆ ಮುಗಿಯುವ ಲೆಕ್ಕವಿರುವುದರಿಂದ ಆ ವರ್ಷದ ಏಪ್ರಿಲ್‌ಗೆ ಅಡ್ಡಿಯಿಲ್ಲ.

ವೀಸಾಕ್ಕೆ ರಾಯಲ್ ಒಮಾನ್ ಪೊಲೀಸ್‌ನ ಇ-ವೀಸಾ ಜಾಲತಾಣದಲ್ಲಿಯೇ ಅರ್ಜಿ ಹಾಕಿ. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ವಿಮಾನಕ್ಕೆ ನಮಗೆ ಹೈದರಾಬಾದೇ ಹತ್ತಿರ. ಕಲಬುರಗಿಯಿಂದ ವಾಡಿ, ತಾಂಡೂರು ಮಾರ್ಗದ ರೈಲಿನಲ್ಲಿ ಹೋಗುವವರು ಶಂಷಾಬಾದ್ ವಿಮಾನ ನಿಲ್ದಾಣ ನಗರದಿಂದ ದೂರವಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು ಸಾಕಷ್ಟು ಮೊದಲೇ ಹೊರಡಬೇಕು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ದುಬೈ ಅಥವಾ ಅಬುಧಾಬಿಯಲ್ಲಿ ವಿಮಾನ ಬದಲಿಸುವವರು ಗಸಗಸೆಯನ್ನು ಮಸಾಲೆ ಪುಡಿಯ ರೂಪದಲ್ಲಿಯೂ ಒಯ್ಯಕೂಡದು, ಯುಎಇಯಲ್ಲಿ ಅದು ನಿಷಿದ್ಧ. ನಿತ್ಯದ ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ, ಮೂಲ ಪ್ಯಾಕಿನಲ್ಲಿಯೇ ಇಟ್ಟುಕೊಳ್ಳಿ. ಒಮಾನ್‌ನ ನಾಣ್ಯವಾದ ಒಂದು ರಿಯಾಲ್ ಎಂದರೆ 1000 ಬೈಸಾ, ಅಂದರೆ 200 ರೂಪಾಯಿಗಿಂತ ಹೆಚ್ಚು. ನೂರು ಬೈಸಾದ ನೋಟನ್ನು ಚಿಲ್ಲರೆಯೆಂದು ಉಪೇಕ್ಷಿಸಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ದಿನದ ಹಂಚಿಕೆ. ನಮ್ಮ ರೈತರು ಬೇಸಿಗೆಯಲ್ಲಿ ಮಾಡುವಂತೆ ನಸುಕಿನಲ್ಲಿ ಎದ್ದು ಹನ್ನೊಂದರೊಳಗೆ ಹೊರಗಿನ ಕೆಲಸ ಮುಗಿಸಬೇಕು, ನಾಲ್ಕರವರೆಗೆ ನೆರಳಿನಲ್ಲಿರಬೇಕು. ಮಸ್ಕತ್‌ನ ಸುಲ್ತಾನ್ ಖಾಬೂಸ್ ಮಹಾ ಮಸೀದಿ ಅನ್ಯಧರ್ಮೀಯರಿಗೆ ತೆರೆದಿರುವುದೂ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಮಾತ್ರ, ಶುಕ್ರವಾರ ಅದೂ ಇಲ್ಲ. ತೋಳು, ಕಾಲು ಪೂರ್ತಿ ಮುಚ್ಚುವ ಬಟ್ಟೆ ಬೇಕು, ಹೆಂಗಸರು ತಲೆಯನ್ನೂ ಮುಚ್ಚಿಕೊಳ್ಳಬೇಕು. ಸಡಿಲವಾದ ತುಂಬುತೋಳಿನ ಹತ್ತಿಬಟ್ಟೆ ಬಿಸಿಲಿಗೂ ಒಳ್ಳೆಯದೇ.

ಶುಕ್ರವಾರದ ಬೆಳಗನ್ನು ಒಳನಾಡಿನ ಊರಾದ ನಿಜ್ವಾಕ್ಕೆ ಮೀಸಲಿಡಿ. ಕೋಟೆಯ ಬಳಿ ಮೇಕೆಗಳ ಸಂತೆ ಬೆಳಕು ಹರಿಯುತ್ತಲೇ ಸೇರುತ್ತದೆ. ಮಾರುವವರು ಹಗ್ಗ ಹಿಡಿದು ವೃತ್ತಾಕಾರದಲ್ಲಿ ಸುತ್ತುತ್ತ ಬೆಲೆ ಕೂಗುತ್ತಾರೆ, ಕೊಳ್ಳುವವರು ತಡೆದು ನಿಲ್ಲಿಸಿ ಮೇಕೆಯ ಹಲ್ಲು ನೋಡುತ್ತಾರೆ. ಅಲ್ಲಿಂದ ಹತ್ತಿರದ ಫಲಜ್ ದಾರಿಸ್ ಕಾಲುವೆಯನ್ನು ಬೀದರಿನವರು ತಪ್ಪದೆ ನೋಡಬೇಕು. ನೆಲದೊಳಗಿನ ನೀರನ್ನು ಇಳಿಜಾರಿನ ಸುರಂಗದಲ್ಲಿ ಊರಿಗೆ ಹರಿಸುವ ಈ ವಿದ್ಯೆ, ಬಹಮನಿಗಳ ಕಾಲದಲ್ಲಿ ನೌಬಾದ್‌ನಲ್ಲಿ ತೋಡಿದ ಕರೇಜಿಗೆ ಬಂಧು. ಒಮಾನಿನ ಇಂಥ ಐದು ಫಲಜ್‌ಗಳನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ನೀರು ಇಂದಿಗೂ ಸರದಿಯಂತೆ ಖರ್ಜೂರದ ತೋಟಗಳಿಗೆ ಹಂಚಿಕೆಯಾಗುತ್ತಿದೆ.

ಏಪ್ರಿಲ್‌ನ ನಿಜವಾದ ಲಾಭ ಜಬಲ್ ಅಖ್ದರ್ ಬೆಟ್ಟದಲ್ಲಿದೆ. ಸುಮಾರು 2000 ಮೀಟರ್ ಎತ್ತರದ ಹಳ್ಳಿಗಳ ಮೆಟ್ಟಿಲುಹೊಲಗಳಲ್ಲಿ ಗುಲಾಬಿ ಅರಳುವುದು ಆಗಲೇ. ಬೆಳಗಿನ ಜಾವ ಕಿತ್ತ ಹೂವನ್ನು ಮಣ್ಣಿನ ಒಲೆಗಳ ಮೇಲೆ ಕಾಯಿಸಿ ಪನ್ನೀರು ಇಳಿಸುತ್ತಾರೆ. ಮಸ್ಕತ್‌ಗಿಂತ ಅಲ್ಲಿ ಹತ್ತು ಡಿಗ್ರಿಗೂ ಹೆಚ್ಚು ತಂಪಿರುವುದರಿಂದ ರಾತ್ರಿಗೆ ಒಂದು ಸ್ವೆಟರ್ ಬೇಕಾಗುತ್ತದೆ. ಬೆಟ್ಟದ ಬುಡದಲ್ಲಿ ಪೊಲೀಸರು ಫೋರ್-ವೀಲ್ ಡ್ರೈವ್ ವಾಹನಗಳನ್ನು ಮಾತ್ರ ಬಿಡುವುದರಿಂದ, ಚಾಲಕನಿರುವ ಗಾಡಿಯನ್ನು ಗೊತ್ತುಮಾಡಿಕೊಳ್ಳುವುದೇ ಮೇಲು.

ಮರುಭೂಮಿಯಲ್ಲಿ ನೀರಿನ ಭಯವೇ ಎಂದು ಅಸಡ್ಡೆ ಮಾಡಬೇಡಿ. 2024ರ ಏಪ್ರಿಲ್‌ನಲ್ಲಿ ಒಮಾನ್‌ನಲ್ಲಿ ಬಂದ ಪ್ರವಾಹಕ್ಕೆ ಶಾಲಾಮಕ್ಕಳೂ ಬಲಿಯಾದರು. ವಾದಿ ಎಂಬ ಒಣ ಹಳ್ಳಗಳು ದೂರದ ಬೆಟ್ಟದಲ್ಲಿ ಮಳೆಯಾದರೂ ನೋಡನೋಡುತ್ತಲೇ ತುಂಬಿಬಿಡುತ್ತವೆ. ಮೋಡ ಕಂಡ ದಿನ ವಾದಿಗೆ ಇಳಿಯಬೇಡಿ. ಹರಿಯುವ ವಾದಿಯನ್ನು ದಾಟಲು ಚಾಲಕ ಮುಂದಾದರೆ ತಡೆಯಿರಿ, ಅದು ಶಿಕ್ಷಾರ್ಹ ಅಪರಾಧವೂ ಹೌದು. ಬಿಸಿಲಿನಲ್ಲಿ ಯಾರಿಗಾದರೂ ತಲೆನೋವು, ತಲೆಸುತ್ತು ಬಂದರೆ ನೆರಳಿಗೆ ಕರೆದೊಯ್ದು ಒದ್ದೆ ಬಟ್ಟೆ ಹೊದಿಸಿ ಗಾಳಿ ಹಾಕಿ. ಮೈ ಸುಡುತ್ತಿದ್ದು ಮಾತು ತೊದಲಿದರೆ ಕಾಯದೆ ಅಲ್ಲಿಯ ತುರ್ತು ಸೇವೆಯ ಸಂಖ್ಯೆ 9999ಕ್ಕೆ ಕರೆ ಮಾಡಿ.