ಮನೆಕೂಟದಲ್ಲಿ ತಾಮ್ರದ ಸರ್ಪದ ಪಾಠ ನಡೆಸುವ ಕ್ರಮ

ಮುಂಬೈಯ ನಮ್ಮ ಕನ್ನಡ ಮನೆಕೂಟಗಳಲ್ಲಿ, ಅಂದರೆ ಕ್ರೈಸ್ತರು ಮನೆಯಲ್ಲಿ ಸೇರಿ ಸತ್ಯವೇದ ಓದುವ ಕೂಟಗಳಲ್ಲಿ, ವಿಗ್ರಹಾರಾಧನೆಯ ವಿಷಯ ಎತ್ತಿದೊಡನೆ ಮಾತು ಎದುರುಮನೆಯವರ ದೇವರಕೋಣೆಯತ್ತಲೋ ಚಾಳಿನ ಗಣೇಶೋತ್ಸವದತ್ತಲೋ ಹೊರಳಿಬಿಡುತ್ತದೆ. ಪಾಠ ನಡೆಸುವವರು ಇದನ್ನು ಮೊದಲೇ ತಡೆಯಬೇಕು, ಏಕೆಂದರೆ ಪ್ರವಾದಿಗಳು ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಗದರಿಸಿದ್ದು ಯೆಹೋವನನ್ನು ಬಲ್ಲೆವೆಂದು ಹೇಳಿಕೊಳ್ಳುತ್ತಿದ್ದ ಇಸ್ರಾಯೇಲ್ಯರನ್ನೇ. ಒಂದೇ ಮರದ ಅರ್ಧವನ್ನು ಉರಿಸಿ ರೊಟ್ಟಿ ಸುಟ್ಟು, ಉಳಿದದ್ದರಲ್ಲಿ ದೇವರನ್ನು ಕೆತ್ತಿಕೊಳ್ಳುವವನ ಚಿತ್ರವಿರುವ ಯೆಶಾಯ 44ರಿಂದ ಆರಂಭಿಸಬೇಡಿ. ಕೇಳಿದವರು ನಕ್ಕು, ಇದು ತಮಗೆ ಹೇಳಿದ್ದಲ್ಲವೆಂದು ನಿಶ್ಚಿಂತರಾಗುತ್ತಾರೆ.

ವಿಮೋಚನಕಾಂಡ 32ರ ಮೊದಲ ಆರು ವಚನಗಳನ್ನು ಗಟ್ಟಿಯಾಗಿ ಓದಿಸಿ, 5ನೆಯ ವಚನವನ್ನು ಮತ್ತೊಮ್ಮೆ ಓದಿಸಿ. ಬಂಗಾರದ ಹೋರಿಕರುವಿನ ಮುಂದೆ ಯಜ್ಞವೇದಿ ಕಟ್ಟಿದ, ಮೋಶೆಯ ಅಣ್ಣನಾದ ಆರೋನನು ಮರುದಿನದ ಹಬ್ಬವನ್ನು ಸಾರಿದ್ದು ಯೆಹೋವನ ಹೆಸರಿನಲ್ಲೇ. ಹೆಸರು ಸರಿಯಾಗಿದ್ದರೂ ಆರಾಧನೆ ದಾರಿ ತಪ್ಪಬಹುದೆಂಬುದು ಮನಸ್ಸಿಗೆ ನಾಟಿದರೆ ಸಾಕು, ಮುಂದೆ ಸಾಗಿ.

ಸಮಯದ ಹೆಚ್ಚಿನ ಪಾಲನ್ನು ತಾಮ್ರದ ಸರ್ಪಕ್ಕೆ ಮೀಸಲಿಡಿ. ಅರಣ್ಯಕಾಂಡ 21:4–9ನ್ನೂ 2 ಅರಸುಗಳು 18:4ನ್ನೂ ನಡುವೆ ವಿವರಣೆ ನೀಡದೆ ಒಂದರ ಹಿಂದೊಂದು ಓದಿಸಿ. ಆ ಸರ್ಪವನ್ನು ಮಾಡಲು ಮೋಶೆಗೆ ಅಪ್ಪಣೆ ಕೊಟ್ಟವನು ದೇವರೇ. ಹಾವು ಕಚ್ಚಿದವರು ಅದನ್ನು ನೋಡಿ ಬದುಕಿದರು. ಶತಮಾನಗಳ ನಂತರ ಜನರು ಅದಕ್ಕೆ ಧೂಪ ಹಾಕುತ್ತಿದ್ದ ಕಾರಣ ಅರಸನಾದ ಹಿಜ್ಕೀಯನು ಅದನ್ನೇ ಒಡೆದು ಚೂರುಮಾಡಿದನು. ಅದಕ್ಕಿದ್ದ ನೆಹುಷ್ಟಾನ್ ಎಂಬ ಹೆಸರಿನಲ್ಲಿ ಹೀಬ್ರೂ ಭಾಷೆಯ ನಾಹಾಷ್, ಅಂದರೆ ಸರ್ಪ, ಮತ್ತು ನೆಹೋಷೆತ್, ಅಂದರೆ ತಾಮ್ರ, ಎರಡೂ ಕೇಳಿಸುತ್ತವೆ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಮರಾಠಿ ಸತ್ಯವೇದ ಹಿಡಿದು ಬಂದಿದ್ದು ಅದರಲ್ಲಿ ಬೇರೆ ಲೋಹದ ಹೆಸರು ಕಂಡರೆ, ನೆಹೋಷೆತ್ ಎಂಬುದು ತಾಮ್ರಕ್ಕೂ ಕಂಚಿಗೂ ಸಲ್ಲುವ ಶಬ್ದವೆಂದು ಹೇಳಿ ಮುಗಿಸಿ.

ಆಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ದೇವರು ನಮಗೆ ಒಳ್ಳೆಯದಕ್ಕೆಂದೇ ಕೊಟ್ಟದ್ದರಲ್ಲಿ ಯಾವುದಕ್ಕೆ ನಾವು ಧೂಪ ಹಾಕುತ್ತಿದ್ದೇವೆ? ಕೂಟ ಸುಮ್ಮನಾಗುತ್ತದೆ. ಆಗ ಬೇರೆಯವರನ್ನು ಒತ್ತಾಯಿಸದೆ ನಿಮ್ಮ ಮನೆಯದನ್ನೇ ಮೊದಲು ಹೇಳಿ. ನಾನು ನಮ್ಮ ಅಜ್ಜಿಯ ಸತ್ಯವೇದದ ಬಗ್ಗೆ ಹೇಳುತ್ತೇನೆ. ಅವರು ಸಾಲಿನ ಕೆಳಗೆ ಬೆರಳಾಡಿಸುತ್ತಾ ದಿನವೂ ಓದುತ್ತಿದ್ದ ಪುಸ್ತಕವನ್ನು ಅವರ ಕಾಲಾನಂತರ ನಾವು ಕೆಂಪು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟೆವು. ಮಕ್ಕಳಿಗೆ ಜ್ವರ ಬಂದಾಗ ಮಾತ್ರ ತೆಗೆದು ದಿಂಬಿನ ಕೆಳಗಿಡುತ್ತಿದ್ದೆವು. ಒಮ್ಮೆ ಬಿಚ್ಚಿ ನೋಡಿದರೆ ಇಲ್ಲಿನ ಮಳೆಗಾಲದ ತೇವಕ್ಕೆ ಕೀರ್ತನೆಗಳ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಸಮಯವಿದ್ದರೆ ನ್ಯಾಯಸ್ಥಾಪಕರು 8:22–27ನ್ನು ಸೇರಿಸಿಕೊಳ್ಳಿ. ಅರಸುತನ ಬೇಡವೆಂದ ಇಸ್ರಾಯೇಲ್ಯರ ನಾಯಕ ಗಿದ್ಯೋನನು ಕೊಳ್ಳೆಯ ಓಲೆಗಳಿಂದ ಬಂದ 1700 ಶೆಕೆಲ್, ಅಂದರೆ ಸುಮಾರು 19 ಕಿಲೋ, ಚಿನ್ನವನ್ನು ಬಳಸಿ ಏಫೋದನ್ನು, ಅಂದರೆ ಯಾಜಕರು ತೊಡುವಂಥ ಮೇಲುಡುಪನ್ನು, ಮಾಡಿಸಿದನು. ಜನರು ಅದನ್ನೇ ಪೂಜಿಸತೊಡಗಿ, ಅದು ಅವನ ಮನೆತನಕ್ಕೇ ಉರುಲಾಯಿತು. ಲೋಭವನ್ನು ವಿಗ್ರಹಾರಾಧನೆ ಎನ್ನುವ ಕೊಲೊಸ್ಸೆ 3:5ನ್ನು ಇಲ್ಲಿ ಓದಿದರೆ ಸಾಕು. ಅದನ್ನು ಹಿಡಿದುಕೊಂಡು ಮೊಬೈಲು, ಟಿವಿ ಎಂದು ಪಟ್ಟಿ ಮಾಡಲು ಹೊರಟರೆ ಪಾಠ ಮಕ್ಕಳ ಮೇಲಿನ ದೂರಾಗಿ ಕೊನೆಗೊಳ್ಳುತ್ತದೆ.

ಹಾಗಾದರೆ ಸರ್ಪವನ್ನು ಮಾಡಿಸಿದ್ದೇ ತಪ್ಪಲ್ಲವೇ ಎಂದು ಯಾರಾದರೂ ಖಂಡಿತ ಕೇಳುತ್ತಾರೆ. ಆಗ ನೀವು ಉತ್ತರಿಸಲು ಹೋಗದೆ, ಯೇಸು ನಿಕೊದೇಮನೊಂದಿಗೆ ಮಾತಾಡುತ್ತಾ ಆ ಸರ್ಪವನ್ನೇ ನೆನೆಯುವ ಯೋಹಾನ 3:14–15ನ್ನು, ಪ್ರಶ್ನೆ ಕೇಳಿದವರ ಕೈಯಿಂದಲೇ ನಿಧಾನವಾಗಿ ಓದಿಸಿ.